ಬಾಣಂತಿ ಕೋಣೆಯ ನಡುಗೋಡೆ

ಗೋಡೆ ಕಟ್ಟಲು ನನಗೆ ಹೆದರಿಕೆಯಿಲ್ಲ, ಕೆಡವಲು ಇದೆ. ಕಟ್ಟುವಾಗ ತಪ್ಪಾದರೆ ಒಡೆದು ಇನ್ನೊಮ್ಮೆ ಕಟ್ಟಬಹುದು. ಕೆಡವುವಾಗ ತಪ್ಪಾದರೆ ತಿದ್ದಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಹಳೆಯ ಮನೆ ಇಳಿಸುವ ಕೆಲಸ ಹಿಡಿದರೆ ಮುನ್ನಾದಿನದಿಂದಲೇ ನನಗೆ ಊಟ ಸೇರುವುದಿಲ್ಲ. ಮನೆ ಕಟ್ಟಿಸಿಕೊಡುವುದು ನನ್ನ ಕಸುಬು. ನನ್ನ ಜೊತೆ ಕೆಲಸ ಮಾಡುವ ಮೇಸ್ತ್ರಿ ಹಾನಗಲ್ ಕಡೆಯವನು. "ಅಕ್ಕಾರ, ನೀವು ಡಾಕ್ಟರ್ ಆಗಿದ್ರ ಒಂದು ಸೂಜಿ ಚುಚ್ಚಾಕೂ ನಾಕು ಮಂದೀನ ಕೇಳ್ತಿದ್ರಿ ನೋಡ್ರಿ" ಎಂದು ಆಗಾಗ ಚುಡಾಯಿಸುತ್ತಾನೆ. ಕೇಳಿದರೆ ತಪ್ಪೇನು ಎಂದು ನಾನು ಸಿಡುಕುತ್ತೇನೆ.

ಈ ಕೆಲಸ ಬಂದದ್ದು ಸಿರ್ಸಿಯ ಬಳೆಗಾರ ಓಣಿಯಿಂದ. ಒಂದು ಕಾಲಕ್ಕೆ ಬಳೆ ಮಾರುವವರು ಬಿಡಾರ ಹೂಡುತ್ತಿದ್ದ ಜಾಗವಂತೆ. ಈಗ ಹುಡುಕಿದರೂ ಅಲ್ಲಿ ಒಂದು ಬಳೆಯಂಗಡಿ ಸಿಗದು. ಹಿಟ್ಟಿನ ಗಿರಣಿ, ಹೊಲಿಗೆಯಂಗಡಿ, ಮೊಬೈಲ್ ರಿಪೇರಿ, ಫೋಟೊಕ್ಕೆ ಕಟ್ಟು ಹಾಕುವ ಅಂಗಡಿ ಇವೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಎರಡು ಮನೆಗೆ ಒಂದೇ ಗೋಡೆ. ಈ ಮನೆಯ ಅಟ್ಟದ ತೊಲೆಯೂ ಆ ಮನೆಯ ಅಟ್ಟದ ತೊಲೆಯೂ ಅದೇ ಗೋಡೆಯ ಮೇಲೆ ಎದುರುಬದುರು ತಲೆಯಿಟ್ಟಿರುತ್ತವೆ. ಕಾಗದಪತ್ರದಲ್ಲಿ ಅದು ಸಾಮಾಯಿಕ ಗೋಡೆ, ಓಣಿಯವರ ಬಾಯಲ್ಲಿ ನಡುಗೋಡೆ. ಕೆಂಪು ಚಿರೆಕಲ್ಲು, ನಡುವೆ ಬರೀ ಮಣ್ಣು.

ಇಳಿಸಬೇಕಾಗಿದ್ದ ಮನೆಯ ಯಜಮಾನರು ಯಲ್ಲಾಪುರದಲ್ಲಿ ಕಟ್ಟಿಗೆ ಮಿಲ್ಲು ಇಟ್ಟುಕೊಂಡವರು. ಅವರ ತಾಯಿ ಕೊನೆಯವರೆಗೂ ಓಣಿಯ ಆ ಮನೆಯಲ್ಲೇ ಇದ್ದರು. ತಾಯಿ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ಈಗ ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂದು ಹೊಸದು ಕಟ್ಟಬೇಕು. "ತಂಗಿ, ಮಳೆಗಾಲದ ಮುಂಚೆ ಪಾಯ ಮುಗಿಯವು. ಹಳೇದು ಎಂತದೂ ಇಟ್ಗಳದು ಬ್ಯಾಡ" ಎಂದರು. ಪಾಯ ಮುಗಿಯಲೇಬೇಕು ಎಂಬ ಅವಸರ ಅವರದು. ನಮ್ಮಿಬ್ಬರ ಮನೆಮಾತು ಒಂದೇ. ಆ ಸಲಿಗೆಯಲ್ಲಿ ನಾನೂ, "ಅಣ್ಣ, ನಡುಗೋಡೆ ಮಾತ್ರ ಆನು ಮುಟ್ತಿಲ್ಲೆ. ಅದು ನಿಂಗ್ಳದ್ದೊಂದೇ ಅಲ್ಲ" ಎಂದು ಮೊದಲೇ ಹೇಳಿಬಿಟ್ಟೆ.

ಕೆಲಸ ಶುರುವಾಗುವ ಮುಂಚೆ ಅಕ್ಕಪಕ್ಕದ ಮನೆಗಳ ಗೋಡೆಗಳನ್ನೆಲ್ಲ ನೋಡಿ, ಇರುವ ಬಿರುಕುಗಳ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕುವುದು ನನ್ನ ರೂಢಿ. ಆಮೇಲೆ ಬಿರುಕು ಗೆರೆ ದಾಟಿದರೆ ನಮ್ಮಿಂದಾಯಿತು ಎಂದರ್ಥ. ನಡುಗೋಡೆಯ ಆಚೆ ಇದ್ದವರು ಫೋಟೊ ಕಟ್ಟಿನವರು, ಅವರ ಹೆಂಡತಿ, ಮತ್ತು ಹೆರಿಗೆಗೆಂದು ತವರಿಗೆ ಬಂದ ಮಗಳು. ಹೊಟ್ಟೆ ಕೊಯ್ದು ತೆಗೆದ ಮಗು. ಆಸ್ಪತ್ರೆಯಿಂದ ಮನೆಗೆ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಹಿಂದಿನ ಕತ್ತಲೆಯ ಕೋಣೆಯೇ ಬಾಣಂತಿ ಕೋಣೆ. ಬಾಣಂತಿಯ ಅಮ್ಮ ಬಾಗಿಲಿಗೆ ಅಡ್ಡ ನಿಂತರು.

"ಒಳಗೆ ಬರೂದು ಬ್ಯಾಡ ಮೇಡಂ, ಹಸಿ ಬಾಣಂತಿ. ಇಲ್ಲೇ ನಿಂತು ನೋಡಿ, ಆಗ್ತದಲ್ಲ?"

ಬಾಗಿಲಲ್ಲೇ ನಿಂತು ಟಾರ್ಚು ಬಿಟ್ಟು ನೋಡಿದೆ. ಸುಣ್ಣ ಬಳಿದ ನಯವಾದ ಗೋಡೆ, ಒಂದು ಗೀರೂ ಇಲ್ಲ. ಇಡೀ ಮನೆಯಲ್ಲಿ ಇದೇ ಗಟ್ಟಿ ಎಂದುಕೊಂಡೆ.

ಹಳೆಮನೆಯನ್ನು ತಲೆಯಿಂದ ಇಳಿಸುತ್ತ ಬರಬೇಕು. ಮೊದಲು ಹಂಚು, ಆಮೇಲೆ ಅದನ್ನು ಹೊತ್ತ ರೀಪು, ಪಕಾಸು, ಅಟ್ಟದ ಹಲಗೆ, ಕೊನೆಗೆ ತೊಲೆ. ತೊಲೆಯನ್ನು ಎಳೆಯಬಾರದು, ತುದಿಯ ಸುತ್ತಲಿನ ಮಣ್ಣು ಬಿಡಿಸಿ, ಎತ್ತಿ, ಅಡ್ಡ ತಿರುಗಿಸಿ ಇಳಿಸಬೇಕು. ಎಳೆದರೆ ಗೋಡೆಯೂ ಜೊತೆಗೆ ಬರಲು ನೋಡುತ್ತದೆ. ಇದೆಲ್ಲ ಸರಿಯಾಗಿಯೇ ನಡೆಯಿತು. ಕೆಲಸ ಮುಗಿದ ಸಂಜೆ ಬೋಳಾದ ಗೋಡೆಯ ನೆತ್ತಿಗೆ ತಾಡಪಾಲು ಹೊದಿಸಿ ಕಲ್ಲು ಹೇರಿ ಬಂದೆವು. ಹೆದರಿದವರ ಮೇಲೆ ಸತ್ತ ಹಾವು ಎಸೆದ ಹಾಗೆ, ಆವತ್ತೇ ಗಾಳಿ ಎದ್ದು ಒಂದು ಅಡ್ಡಮಳೆ ಹೊಡೆಯಿತು.

ಬೆಳಿಗ್ಗೆ ಫೋಟೊ ಕಟ್ಟಿನವರ ಫೋನು. "ಮೇಡಂ, ಒಮ್ಮೆ ಬಂದು ಹೋಗಿ. ಎಂತದೂ ಇಲ್ಲ, ಸಣ್ಣದು" ಎಂದರು. ಸಣ್ಣದು ಎನ್ನುವಾಗ ಅವರ ದನಿ ಸಣ್ಣದಾಗಿತ್ತು. ಹೋಗಿ ನೋಡಿದರೆ ತಾಡಪಾಲು ಹಾರಿ ಗಿರಣಿಯ ಮಾಡಿನ ಮೇಲೆ ಬಿದ್ದಿದೆ. ನಡುಗೋಡೆಯ ನೆತ್ತಿ ನೀರು ಕುಡಿದು ಕಪ್ಪಾಗಿದೆ. ಅವರ ನಡುಮನೆಯಲ್ಲಿ, ಅಟ್ಟದ ಕೆಳಗಿನಿಂದ ಹೊರಟ ಒಂದು ಬಿರುಕು ಓರೆಯಾಗಿ ಇಳಿದು ಬಾಣಂತಿ ಕೋಣೆಯ ಕಡೆಗೆ ಹೋಗಿದೆ. ನಿನ್ನೆ ಅದು ಇರಲಿಲ್ಲ. 

ಬಿರುಕು ಇರುವುದು ದೊಡ್ಡದಲ್ಲ, ಅದು ಬೆಳೆಯುತ್ತಿದೆಯೋ ಎಂಬುದು ಮುಖ್ಯ. ಅದಕ್ಕೊಂದು ಹಳೆಯ ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಹಚ್ಚಿ ಗೋಡೆಗೆ ಅಂಟಿಸುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಗಾಜಿಗೇನು ಕೊರತೆ, ಫೋಟೊ ಕಟ್ಟಿನವರ ಕಸುಬೇ ಅದು. ದೇವರ ಫೋಟೊಕ್ಕೆಂದು ಇಟ್ಟಿದ್ದ ತೆಳು ಗಾಜಿನಲ್ಲಿ ಅವರೇ ಪಟ್ಟಿಗಳನ್ನು ಕೊಯ್ದು ಕೊಟ್ಟರು. ಯಾವಾಗಲೂ ಒಂದೇ ಗೀರಿಗೆ ಗಾಜು ಮುರಿಯುವ ಅವರ ಕೈ ಅಂದು ಎರಡು ಪಟ್ಟಿ ಹಾಳು ಮಾಡಿತು.

ಅಂಟಿಸಿ, ಚಹಾ ಕುಡಿಯುತ್ತ ಕೂತಿದ್ದೆವು. ಗಿರಣಿಯಲ್ಲಿ ಯಾರದೋ ಗೋಧಿ ಬೀಸಲು ಶುರುವಾಯಿತು, ನೆಲ ಸಣ್ಣಗೆ ಅದುರಿತು. ಲೋಟ ಬಾಯಿಗೆ ಇಟ್ಟಿದ್ದೇನೆ, ಟಿಕ್ ಎಂದಿತು. ಅಷ್ಟೇ ಸದ್ದು. ಗಾಜಿನ ನಡುವೆ ಒಂದು ಗೆರೆ.

ಅಂಥ ಹೆದರಿಕೆಯನ್ನು ನಾನು ಮೊದಲು ಕಂಡಿರಲಿಲ್ಲ. ಗೋಡೆ ಬಿದ್ದರೆ ಸದ್ದು ದೊಡ್ಡದಿರುತ್ತದೆ, ಓಡಲು ಕಾಲಿಗೆ ತಿಳಿಯುತ್ತದೆ. ಇದು ಹಾಗಲ್ಲ. ಗೋಡೆ ಇದ್ದ ಹಾಗೇ ಇದೆ, ಕ್ಯಾಲೆಂಡರು ನೇತಾಡುತ್ತಿದೆ, ಒಳಗೆ ಮಗು ಹಾಲಿಗೆ ಅಳುತ್ತಿದೆ.  ಓಡಿಹೋಗಿ ಗಿರಣಿ ನಿಲ್ಲಿಸಲು ಹೇಳಿದೆ. ಮದುವೆಗಳ ಕಾಲ, ಹಿಟ್ಟಿನ ಡಬ್ಬಗಳು ಸಾಲುಗಟ್ಟಿದ್ದವು. ಗಿರಣಿಯವರು ನನ್ನ ಮುಖ ನೋಡಿದವರೇ ಸ್ವಿಚ್ ಆರಿಸಿದರು. ಯಾರು ಯಾರಿಗೆ ಹೇಳಿದರೋ, ಮಧ್ಯಾಹ್ನದ ಹೊತ್ತಿಗೆ ಓಣಿಯ ಜನ ಬೈಕುಗಳನ್ನು ತಿರುವಿನಲ್ಲೇ ಆರಿಸಿ ತಳ್ಳಿಕೊಂಡು ಬರತೊಡಗಿದರು. ಹೊಲಿಗೆಯಂಗಡಿಯವರು ಕಾಲುಮಷಿನ್ನು ಕೂಡ ನಿಲ್ಲಿಸಿದ್ದರು. ಅದರಿಂದ ಏನೂ ಆಗದು ಎಂದರೆ, "ಇರ್ಲಿ ಬಿಡಿ ಮೇಡಂ, ಒಳಗೆ ಬಾಣಂತಿ ಇದ್ದಾಳೆ" ಎಂದರು. ಅಂದು ಬಳೆಗಾರ ಓಣಿಯಲ್ಲಿ ಕಾಗೆಯ ಕೂಗು ಬಿಟ್ಟರೆ ಸದ್ದಿಲ್ಲ. ಆ ಮೌನ ನನ್ನನ್ನು ಇನ್ನಷ್ಟು ಹೆದರಿಸಿತು.

ಮಳೆ ನೀರು ಇಳಿದದ್ದು ನಿಜ, ಆದರೆ ಅಷ್ಟಕ್ಕೇ ಇಷ್ಟು ದಪ್ಪದ ಗೋಡೆ ಸರಿಯಬಾರದು. ಎಲ್ಲೋ ಬುಡದಲ್ಲಿ ಏನೋ ಇಲ್ಲ ಎನಿಸಿತು. ಇಳಿಸಿದ ಮನೆಯ ಕಡೆಗೆ ಹೋಗಿ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತ ಬಂದೆ. ಗಟ್ಟಿ ಕಲ್ಲಿನ ಸದ್ದು ಬೇರೆ, ಟೊಳ್ಳಿನ ಸದ್ದು ಬೇರೆ. ಬಚ್ಚಲಮನೆ ಇದ್ದ ಜಾಗದಲ್ಲಿ ಸದ್ದು ಬದಲಾಯಿತು. ಅಲ್ಲಿ ಹಂಡೆಯ ಒಲೆ ಇತ್ತು. ಒಲೆಯ ಕಲ್ಲುಗಳನ್ನು ನಮ್ಮವರು ಆಗಲೇ ತೆಗೆದಿದ್ದರು. ಹಿಂದಿನ ಗೋಡೆಯ ಮೇಲೆ ಬೆರಳು ದಪ್ಪದ ಮಸಿ. ಮಸಿಯನ್ನು ಕರಣೆಯಿಂದ ಕೆರೆದೆ. ಮಸಿಯ ಹಿಂದೆ ಕಲ್ಲು ಸಿಗಲಿಲ್ಲ. ಬೂದಿ ತುಂಬಿದ ಒಂದು ಪೊಟರೆ ಸಿಕ್ಕಿತು.

ಕೈ ಹಾಕಿದೆ. ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು. ಒಳಗೆ ಬೆರಳಿಗೆ ತಾಗಿದ್ದು ಕಲ್ಲಲ್ಲ, ಮರದ ಹಲಗೆ. ಆ ಹಲಗೆಯ ಆಚೆ ಮಗು ಸೀನಿತು. ನನ್ನ ಅಂಗೈಯಲ್ಲೇ ಸೀನಿದಷ್ಟು ಹತ್ತಿರ. ಫೋಟೊ ಕಟ್ಟಿನವರ ಇಡೀ ಅಟ್ಟವನ್ನು ಹೊತ್ತ ತೊಲೆಯ ತುದಿ ಸರಿಯಾಗಿ ಆ ಪೊಟರೆಯ ಮೇಲೆ ಕೂತಿದೆ. ಅದರ ಕೆಳಗೆ ಗೋಡೆ ಎಂಬುದೇ ಇಲ್ಲ, ಸುಣ್ಣ ಬಳಿದ ಒಂದು ಹಲಗೆ ಇದೆ. ಕೈಯನ್ನು ಹೊರಗೆ ಎಳೆದುಕೊಳ್ಳಲೂ ಭಯವಾಯಿತು, ಎಲ್ಲಿ ನನ್ನ ಕೈಯೇ ಅದನ್ನು ಹಿಡಿದಿದೆಯೋ ಎಂಬ ಹಾಗೆ.

ಫೋಟೊ ಕಟ್ಟಿನವರ ಹೆಂಡತಿಯನ್ನು ಕರೆದು ತೋರಿಸಿದೆ. ಅವರು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೇಳಿದ ಮೇಲೆ ಹೇಳಿದರು.

"ನಮ್ಮ ಓಣೀಲಿ ಬಾಣಂತಿ ಇದ್ರೆ ಪಕ್ಕದ ಮನೆಯವರು ಬಚ್ಚಲ ಒಲೆ ಆರಿಸೂದಿಲ್ಲ ಮೇಡಂ. ಗೋಡೆ ಬೆಚ್ಚಗಿರ್ತದೆ, ಬಾಣಂತಿ ಬೆನ್ನು ಕೊಟ್ಟು ಕೂರ್ತಾಳೆ. ಇವಳನ್ನ ಹೆತ್ತಾಗ ನಂಗೆ ಚಳಿ ಬಿಡ್ತಾನೇ ಇರ್ಲಿಲ್ಲ. ಈ ಮನೆ ಅಮ್ಮ ಒಲೆ ಹಿಂದೆ ಸಟ್ಟುಗದಲ್ಲಿ ಕೆರೆದು ಕೆರೆದು ತೆಳು ಮಾಡಿದ್ರು. 'ಈಗ ಬಿಸಿ ತಾಗ್ತಾ ಕೂಸೆ?' ಹೇಳಿ ಇಲ್ಲಿಂದ ಕೂಗೂರು. ಇನ್ನೂ ಇಲ್ಲ ಅಂದ್ರೆ ಇನ್ನೊಂಚೂರು ಕೆರೆಯೂರು."

"ಮತ್ತೆ ನಿಮ್ಮ ಕಡೆ?"

"ನಮ್ಮ ಕಡೆ ನಮ್ಮತ್ತೆ ಗೂಡು ಕೊರೆಸಿದ್ರು. ಮಗುವಿನ ಎಣ್ಣೆ ಬಟ್ಲು ಇಟ್ರೆ ತನ್ನಷ್ಟಕ್ಕೆ ಬೆಚ್ಚಗಾಗ್ತದೆ ಅಂತ. ಆ ಅಮ್ಮ ಹೋದ್ಮೇಲೆ ಗೋಡೆ ತಣ್ಣಗಾಯ್ತು. ಇನ್ನು ಗೂಡು ಯಾಕೆ ಹೇಳಿ ಹಲಗೆ ಇಟ್ಟು ಗಾರೆ ಮಾಡಿಸಿದ್ವಿ."

ಟಾರ್ಚು ಹಿಡಿದು ನೋಡಿದರೆ ಪೊಟರೆಯೊಳಗೆ ಒಂದೇ ಕೈಯ ಗೀರುಗಳಲ್ಲ, ಹಳೆಯ ಮಸಿಯ ಕೆಳಗೆ ಇನ್ನೂ ಹಳೆಯ ಗೀರುಗಳಿದ್ದವು. ಎಷ್ಟು ಬಾಣಂತನಗಳೋ. ಪ್ರತಿಯೊಬ್ಬರೂ ತಮ್ಮ ಕಡೆಯಿಂದ ಸ್ವಲ್ಪವೇ ತೆಗೆದಿದ್ದರು. ಗೋಡೆ ದಪ್ಪವಿದೆ, ಆಚೆ ಕಡೆಯವರು ಮುಟ್ಟಿರಲಾರರು ಎಂಬ ಧೈರ್ಯದಲ್ಲಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹಸಿ ಬಾಣಂತಿ, ಹೆಸರಿಡದ ಮಗು ಹೊಸ್ತಿಲು ದಾಟಬಾರದು ಎಂಬ ಮಾತನ್ನು ಅಮ್ಮ ಎತ್ತಲೇ ಇಲ್ಲ. "ಶಾಸ್ತ್ರ ಆಮೇಲೆ ನೋಡ್ವ" ಎಂದವರೇ ಒಳಗೆ ಹೋಗಿ ಮಗುವನ್ನು ಎದೆಗೆ ಅವುಚಿಕೊಂಡು ಹಿತ್ತಿಲ ಬಾಗಿಲಿನಿಂದ ಹೊಲಿಗೆಯವರ ಮನೆಗೆ ನಡೆದುಬಿಟ್ಟರು. ಮಗಳಿಗೆ ಹೊಟ್ಟೆಯ ಹೊಲಿಗೆ ಇನ್ನೂ ಹಸಿ, ಬಗ್ಗಿ ಏಳಲಾಗದು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ತಂದೆಯೂ ಹೊಲಿಗೆಯವರೂ ಎತ್ತಿದರು. ಅಷ್ಟು ಹೊತ್ತೂ ನಾನು ಆ ಕೋಣೆಯಲ್ಲಿ, ತೊಲೆಯ ಕೆಳಗೆ, ಗೋಡೆಗೆ ಎರಡೂ ಅಂಗೈ ಒತ್ತಿಕೊಂಡು ನಿಂತಿದ್ದೆ. ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ತೆಗೆಯಲಾಗಲಿಲ್ಲ. ಮೇಲಿನಿಂದ ಸಣ್ಣಗೆ ಮಣ್ಣು ಉದುರಿ ತಲೆಯ ಮೇಲೆ ಬೀಳುತ್ತಿತ್ತು. ಕುರ್ಚಿ ಬಾಗಿಲು ದಾಟಿತು. ಮೇಸ್ತ್ರಿ ಹೊರಗಿನಿಂದ, "ಅಕ್ಕಾರ, ಇನ್ನ ನೀವೂ ಹೊರಗ ಬರ್ರಿ!" ಎಂದು ಎರಡು ಸಲ ಕೂಗಿದ ಮೇಲೆ ನನಗೆ ಕಾಲು ಬಂತು.

ಈಗ ಕೋಣೆ ಖಾಲಿ. ಮೇಸ್ತ್ರಿಗೆ ದಾರಿ ಸರಳವಾಗಿ ಕಂಡಿತು. "ಮಂದಿ ಹೊರಗ ಅದಾರಲ್ರಿ. ಈ ಕಡೆ ಹಗ್ಗಾ ಹಾಕಿ ಕೆಡವಿಬಿಡೋಣ್ರಿ, ಹೊಸಾ ಗ್ವಾಡಿ ಕಟ್ಟೋಣ. ಹಿಂಗ ಜೀವಾ ಕೈಯಾಗ ಹಿಡಕೊಂಡು ಎಷ್ಟು ದಿನಾ?" ಯಲ್ಲಾಪುರದಿಂದ ಫೋನಿನಲ್ಲಿ ಯಜಮಾನರೂ ಅದನ್ನೇ ಹೇಳಿದರು. ಒಂದು ಗಳಿಗೆ ನನಗೂ ಹೌದೆನಿಸಿತು. ಬಿದ್ದುಹೋದ ಗೋಡೆಗೆ ಯಾರೂ ಹೆದರಬೇಕಿಲ್ಲ.

ಆದರೆ ಆ ಗೋಡೆ ಬಿದ್ದರೆ ಫೋಟೊ ಕಟ್ಟಿನವರ ಅಟ್ಟ, ಮಾಡು ಎರಡೂ ಬರುತ್ತವೆ. ಅವರ ತೊಲೆಗಳ ಇನ್ನೊಂದು ತುದಿ ಹೊಲಿಗೆಯವರ ನಡುಗೋಡೆಯಲ್ಲಿದೆ. ಅಲ್ಲಿಂದ ಮುಂದೆ ಗಿರಣಿ. ಸಾಲಾಗಿ ಒಬ್ಬರ ಭುಜಕ್ಕೊಬ್ಬರು ಒರಗಿ ಕೂತವರಲ್ಲಿ ಒಬ್ಬ ಸಟ್ಟನೆ ಎದ್ದರೆ ಉಳಿದವರ ಗತಿ ಏನು? ಹೊಲಿಗೆಯವರ ಗೋಡೆಯಲ್ಲಿ ಯಾರು ಯಾವ ಗೂಡು ಕೊರೆದಿದ್ದಾರೋ ಯಾರಿಗೆ ಗೊತ್ತು. ಬಾಣಂತಿಯನ್ನು ಮಲಗಿಸಿದ್ದು ಈಗ ಅಲ್ಲೇ. ನಾನು ಹಗ್ಗ ಬೇಡವೆಂದೆ. "ಗೋಡೆ ಉಳೀತು. ಅದನ್ನ ಒಳಗಿಂದ ತುಂಬವು. ಯಂಗೆ ಗಟ್ಟಿ ಮರದ ಕಂಬ ಬೇಕು, ಇವತ್ತೇ" ಎಂದು ಯಜಮಾನರಿಗೆ ಹೇಳಿದೆ. ಅವರ ಹೊಸ ಮನೆ ನಡುಗೋಡೆಯಿಂದ ಸರಿದು ತನ್ನದೇ ಕಂಬಗಳ ಮೇಲೆ ನಿಲ್ಲಬೇಕಾಗುತ್ತದೆ, ಮುಂದಿನ ಅಂಗಡಿ ಇಕ್ಕಟ್ಟಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಫೋನಿಟ್ಟರು.

ಸಂಜೆಗೆ ಮುಂಚೆ ಮಿಲ್ಲಿನ ಗಾಡಿಯಲ್ಲಿ ಕಂಬಗಳ ಜೊತೆ ಅವರೇ ಬಂದರು, ಮುಖ ಗಂಟಿಕ್ಕಿಕೊಂಡು. "ಅಂಗಡಿ ಅರ್ಧ ಆದ್ರೆ ಎಂತ ಮಾಡದು ತಂಗಿ? ನೀನು ಸುಮ್ಮಂಗೆ ಹೆದರ್ತೆ" ಎಂದರು.  ಪೊಟರೆಗೆ ಟಾರ್ಚು ಹಿಡಿದು, ಬಾಣಂತಿಯ ಅಮ್ಮ ಹೇಳಿದ್ದನ್ನು ಹೇಳಿದೆ. ಅವರು ಬಗ್ಗಿ ನೋಡಿದರು. ಸಟ್ಟುಗದ ಗೀರುಗಳ ಮೇಲೆ ಬೆರಳಾಡಿಸಿದರು. "ಆಯಿ ಕೆರದ್ದಾ?" ಎಂದು ಒಮ್ಮೆ ಕೇಳಿದರು. ಎದ್ದು ನಿಂತು ಬೆರಳಿನ ಮಸಿಯನ್ನು ಒರೆಸಿಕೊಳ್ಳದೆ, "ಕಂಬ ಎಲ್ಲಿ ಇಳ್ಸವು ಹೇಳು" ಎಂದರು. ಅಂಗಡಿಯ ಮಾತು ಮತ್ತೆ ಬರಲಿಲ್ಲ.

ಆಮೇಲಿನದು ಬರೀ ಕೆಲಸ, ಬರೀ ಹೆದರಿಕೆ. ಬಾಣಂತಿ ಕೋಣೆಯಲ್ಲಿ ನೆಲಕ್ಕೆ ದಪ್ಪ ಹಲಗೆ ಹಾಸಿ, ತೊಲೆಯ ಕೆಳಗೆ ಕಂಬ ಕೊಟ್ಟು, ಬುಡದಲ್ಲಿ ಎದುರುಬದುರು ಎರಡು ಬೆಣೆ ಇಟ್ಟು ಸ್ವಲ್ಪಸ್ವಲ್ಪವೇ ತಟ್ಟಿ ಬಿಗಿ ಮಾಡಿದೆವು. ಜೋರಾಗಿ ಹೊಡೆದರೆ ತೊಲೆ ಮೇಲೆದ್ದು ಗೋಡೆ ಇನ್ನೂ ಬಿರಿಯುತ್ತದೆ. ಆಮೇಲೆ ಗೂಡಿನ ಹಲಗೆ ಕಿತ್ತು, ಪೊಟರೆಯ ಮಸಿ ಬೂದಿ ಬಳಿದು ತೆಗೆದು, ನೀರು ಚಿಮುಕಿಸಿ, ಚಿರೆಕಲ್ಲಿನ ತುಂಡುಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸುತ್ತ ಬಂದೆವು. ಮೇಸ್ತ್ರಿ ಸಿಮೆಂಟು ಎಂದ. ಮಣ್ಣಿನ ಗೋಡೆಗೆ ಸಿಮೆಂಟು ಒಗ್ಗುವುದಿಲ್ಲ ಎಂದೆ. ಒಂದು ಕಡೆ ತುಂಬಿದ ಮೇಲೆ ಅದು ಬಿಗಿಯುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು ಕಡೆ. ಎಲ್ಲಕ್ಕಿಂತ ಕಷ್ಟ ಕೊನೆಯ ಸಂದು. ಅಲ್ಲಿ ನೀರುಗಾರೆ ತುಂಬಿದರೆ ಒಣಗಿ ಕುಗ್ಗಿ, ತೊಲೆಯ ಕೆಳಗೆ ಮತ್ತೆ ಕಾಗದದಷ್ಟು ಖಾಲಿ ಉಳಿಯುತ್ತದೆ. ಮುಷ್ಟಿಯಲ್ಲಿ ಉಂಡೆ ನಿಲ್ಲುವಷ್ಟೇ ಪಸೆಯ ಗಾರೆಯನ್ನು ಕೋಲಿನಿಂದ ಜಡಿದು ಜಡಿದು ತುಂಬಬೇಕು. ಅದನ್ನು ನಾನೇ ತುಂಬಿದೆ.

ಓಣಿ ಸುಮ್ಮನಿರಲಿಲ್ಲ. ಗಿರಣಿಯವರು ಬಂದ ಹಿಟ್ಟಿನ ಡಬ್ಬಗಳನ್ನು ತಮ್ಮ ಖರ್ಚಿನಲ್ಲೇ ಇನ್ನೊಂದು ಗಿರಣಿಗೆ ಕಳಿಸುತ್ತಿದ್ದರು. ಹೊಲಿಗೆಯವರ ಮನೆಯಲ್ಲಿ ಬಾಣಂತಿಗೆ ಕಾಯಿಸಿದ ನೀರು ಸರತಿಯಲ್ಲಿ ಬೇರೆ ಬೇರೆ ಮನೆಯಿಂದ ಬರುತ್ತಿತ್ತು. ಪ್ರತಿಯೊಬ್ಬರೂ ಬಂದು ತಮ್ಮ ಮನೆಯ ಗೋಡೆ ತಟ್ಟಿ ಹೋಗಲು ಕರೆಯುವವರೇ. ತಟ್ಟಿದೆ. ಎರಡು ಮನೆಗಳಲ್ಲಿ ಟೊಳ್ಳು ಸಿಕ್ಕಿತು, ಇಷ್ಟು ಕೆಟ್ಟದ್ದಲ್ಲ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಾವು ಕೆರೆದದ್ದು ಸ್ವಲ್ಪವೇ."

ಬೆಣೆ ಬಿಚ್ಚುವ ದಿನ ನಾನು ಬೆಳಗಿನಿಂದ ನೀರನ್ನೂ ಕುಡಿದಿರಲಿಲ್ಲ. ಹೊಸ ಗಾಜಿನ ಪಟ್ಟಿಗಳನ್ನು ಅಂಟಿಸಿಯಾಗಿತ್ತು. ಒಂದು ನಡುಮನೆಯ ಬಿರುಕಿಗೆ, ಒಂದು ತೊಲೆಯ ತುದಿಯ ಕೆಳಗೆ, ತುಂಬಿದ ಜಾಗಕ್ಕೂ ಹಳೆಯ ಕಲ್ಲಿಗೂ ಸೇತುವೆಯಾಗಿ. ಮೇಸ್ತ್ರಿ ಒಂದು ಬೆಣೆಯನ್ನು ಸಡಿಲಿಸಿದ. ತೊಲೆ ಕಿರ್ರೆಂದಿತು. ನಾನು ಕಣ್ಣು ಮುಚ್ಚಿದೆ. ಟಿಕ್ ಎಂಬ ಸದ್ದಿಗೆ ಕಿವಿಯಿಟ್ಟು ಕಾದೆ. ಬರಲಿಲ್ಲ. ಇನ್ನೊಂದು ಬೆಣೆ. ಕಂಬ ಕೈಗೆ ಬಂತು. ಗಾಜು ಹಾಗೇ ಇತ್ತು. ಅಮ್ಮ ಬಂದು ಗೋಡೆಗೆ ಅಂಗೈ ಇಟ್ಟು ನೋಡಿ, "ಇನ್ನು ಇದು ಯಾವತ್ತೂ ಬಿಸಿಯಾಗೂದಿಲ್ಲ, ಅಲ್ಲ ಮೇಡಂ?" ಎಂದರು. ಇಲ್ಲ ಎಂದೆ. ಹೇಳುವಾಗ ಬೇಜಾರಾಯಿತು.

ಮುಂದೆ ಹಾಕಿದ್ದ ತೊಟ್ಟಿಲ ಶಾಸ್ತ್ರ ಆಮೇಲೆ ಆಯಿತು. ನನಗೂ ಕರೆ ಬಂತು. ಹೋಗಿ ನೋಡಿದರೆ ಕೋಣೆ ತುಂಬ ಓಣಿಯ ಹೆಂಗಸರು, ಹೂ ಮುಡಿಸಿದ ತೊಟ್ಟಿಲು ನೆಲದ ಮೇಲಿದೆ, ಯಾರೂ ಅದನ್ನು ಎತ್ತುತ್ತಿಲ್ಲ. ಆ ಮನೆಯ ಮಕ್ಕಳೆಲ್ಲ ತೂಗಿದ ಕೊಂಡಿ ಅದೇ ತೊಲೆಯಲ್ಲಿತ್ತು, ಗೋಡೆಯ ಹತ್ತಿರವೇ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಕಟ್ಟಬಹುದಾ ಮೇಡಂ?" ಎಂದು ಅಮ್ಮ ಕೇಳಿದರು.

ಲೆಕ್ಕದ ಪ್ರಕಾರ ಕಟ್ಟಬಹುದು. ಕಂಬ ತೆಗೆದ ದಿನದಿಂದ ಗಾಜು ಒಡೆದಿರಲಿಲ್ಲ. ಆದರೆ ಲೆಕ್ಕವೊಂದನ್ನೇ ನಂಬಲು ಮನಸ್ಸಾಗಲಿಲ್ಲ. ಆ ಬಾಣಂತಿ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನಾನು ಸೆರಗು ಸಿಕ್ಕಿಸಿ, ಕೊಂಡಿಗೆ ಹಗ್ಗ ಹಾಕಿಸಿ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಾಲೆತ್ತಿ ಜೋತುಬಿದ್ದೆ. ಹೆಂಗಸರು ಘೊಳ್ಳೆಂದು ನಕ್ಕರು. ಯಾರೋ ಹಿಂದಿನಿಂದ ನನ್ನನ್ನು ತೂಗಿಯೂ ಬಿಟ್ಟರು. "ಮೊದ್ಲು ಮೇಡಂಗೇ ಹೆಸರಿಡ್ವ" ಎಂದರು. ತೊಲೆ ಕಿರುಗುಟ್ಟಿತು. ನಾನು ನಗಲಿಲ್ಲ, ಆಚೆ ಈಚೆ ತೂಗುತ್ತಲೇ ಆ ಗಾಜಿನ ಪಟ್ಟಿಯನ್ನೇ ನೋಡುತ್ತಿದ್ದೆ.

ಕೈ ಸೋತು ಕೆಳಗಿಳಿದೆ. ಗಾಜು ಒಡೆದಿರಲಿಲ್ಲ. "ಕಟ್ಟಿ" ಎಂದೆ.

ತೊಟ್ಟಿಲು ಕಟ್ಟಿದರು. ಅಮ್ಮ ಮಗುವನ್ನು ಮಗಳ ಕೈಯಿಂದ ತೆಗೆದುಕೊಂಡು ನೇರ ನನ್ನ ಕೈಗೆ ಕೊಟ್ಟರು. "ಮೊದ್ಲು ನೀವೇ ಮಲಗ್ಸಿ. ಈ ಮಗುವಿಗೋಸ್ಕರ ನಿಮ್ಮಷ್ಟು ಹೆದರಿದವರು ಇಲ್ಲಿ ಯಾರೂ ಇಲ್ಲ" ಎಂದರು. ಮಗು ಬೆಚ್ಚಗಿತ್ತು. ತೊಟ್ಟಿಲಲ್ಲಿ ಇಟ್ಟೆ, ಆದರೆ ಕೈಯನ್ನು ಅದರ ಬೆನ್ನ ಕೆಳಗಿನಿಂದ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.